ಪಾರ್ವತಕ್ಕನ ಒಣಪುದೀನ

ಅದು ಎರಡು ಸಾವಿರದ ಇಪ್ಪತ್ತೊಂದನೆಯ ಇಸವಿ; ನನಗಾಗ ಐವತ್ತೆರಡು ವರ್ಷ. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಪಕ್ಕದ ಮನೆಯ ಪಾರ್ವತಕ್ಕ ಒಂದೆಡೆ ಕುಳಿತುದನ್ನು ನಾನು ಕಂಡದ್ದಿಲ್ಲ. ಹಿತ್ತಲಲ್ಲಿ ತಾವೇ ಬೆಳೆದ ಪುದೀನ, ಮೆಂತ್ಯ, ಕರಿಬೇವುಗಳನ್ನು ತೊಳೆದು, ಹಳೆಯ ಪಂಚೆಯಲ್ಲಿ ಒತ್ತಿ ನೀರಾರಿಸಿ, ಮೊರಗಳಲ್ಲಿ ಹರಡಿ ಮಹಡಿಗೆ ಒಯ್ಯುವರು. ಬಿಸಿಲು ತಾಗಿದರೆ ಹಸಿರು ಕೆಡುವುದೆಂದು, ನೀರಿನ ಟ್ಯಾಂಕಿನ ನೆರಳು ಸರಿದಂತೆಲ್ಲ ಮೊರಗಳನ್ನೂ ಸರಿಸುತ್ತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವರು. ಎಲೆ ಒಣಗಿತೆನ್ನಲು ಅವರಿಗಿದ್ದ ಪ್ರಮಾಣ ಒಂದೇ: ಅಂಗೈಯಲ್ಲಿ ಪುಡಿಮಾಡಿ ಮೂಸುವುದು. ಹಸಿವಾಸನೆ ಪೂರ್ತಿ ಹೋಗುವ ತನಕ ಸೀಸೆಗೆ ತುಂಬುತ್ತಿರಲಿಲ್ಲ.

ಆ ವರ್ಷದ ಜ್ವರ ಅವರ ಘ್ರಾಣಶಕ್ತಿಯನ್ನು ಒಯ್ದಿತು. ನೆಗಡಿಯೆಂದುಕೊಂಡಿದ್ದ ಅವರು ಪುದೀನವನ್ನು ಎಂದಿನಂತೆ ಮೂಸಿ, ಹಸಿವಾಸನೆ ಇಲ್ಲವೆಂದು ತುಂಬಿಬಿಟ್ಟರು. ವಾರದೊಳಗೆ ಸೀಸೆಯೊಳಗೆ ಬಿಳಿ ಬೂಷ್ಟು ಕಟ್ಟಿತು. ಅದನ್ನು ಕಾಂಪೌಂಡಿನ ಮೇಲಿಟ್ಟು ನನ್ನನ್ನು ಕರೆದರು. ಕಮಟು ಹೊಡೆಯುತ್ತಿದೆ ಎಂದೆ.

"ನನಗೇನೂ ಬರ್ತಿಲ್ಲ ಮೇಷ್ಟ್ರೇ," ಎಂದರು, ಮೆಲ್ಲಗೆ.

ಅಂದಿನಿಂದ ನನ್ನ ಮೂಗೇ ಅವರ ಮೂಗಾಯಿತು. ಪರಿಮಳ ಸೌಮ್ಯವಾಗಿದೆ, ಕಿಂಚಿತ್ ತೀಕ್ಷ್ಣವೂ ಆಗಿದೆ ಎಂದು ನಾನು ವಿವರಿಸತೊಡಗಿದರೆ ಅವರಿಗೆ ತಾಳ್ಮೆ ಇರುತ್ತಿರಲಿಲ್ಲ.

"ಪಾಠ ಬೇಡ ಮಾರಾಯ್ರೇ. ತುಂಬ್ಲೋ ಬೇಡ್ವೋ, ಅಷ್ಟು ಹೇಳಿ."

ಕಾಯಬೇಕೆಂದು ವೈದ್ಯರು ಹೇಳಿದ್ದರು. ಕಾಯುವುದು ಅವರ ಜಾಯಮಾನವಲ್ಲ. ಅಡುಗೆಯ ನಡುವೆ ಎದ್ದು ಬಂದು ಒಂದೊಂದೇ ಸೀಸೆ ತೆರೆದು ಮೂಸುವರು, ಮುಚ್ಚುವರು, ಮತ್ತೆ ತೆರೆಯುವರು. ಕೊನೆಗೊಂದು ದಿನ ತೀರ್ಮಾನ ಹೇಳಿದರು: "ಯುಗಾದಿವರೆಗೆ ನೋಡ್ತೀನಿ. ಆಮೇಲೆ ಹಿತ್ಲಿಗೆ ಕಾಂಕ್ರೀಟ್ ಹಾಕ್ಸಿ ಯಾರಾದ್ರೂ ಕಾರು ನಿಲ್ಸ್ಕೊಳ್ಳಿ ಅಂತ ಬಿಡ್ತೀನಿ."

ಯುಗಾದಿ ಸಮೀಪಿಸಿತು. ನಾವು ಶಿವಮೊಗ್ಗದ ಆಲ್ಕೊಳಕ್ಕೆ ಮನೆ ಬದಲಿಸುವ ದಿನವೂ ಬಂದಿತು. ಸಾಮಾನು ತುಂಬಿದ ಟೆಂಪೊದ ಮರೆಯಲ್ಲಿ ಚಾಲಕ ನಿಂತಿದ್ದ. ಪಾರ್ವತಕ್ಕ ಮಹಡಿಯಲ್ಲಿ ಮೊರ ಸರಿಸುತ್ತಿದ್ದರು.

"ಯಾವನಯ್ಯಾ ಅಲ್ಲಿ ಬೀಡಿ ಸೇದ್ತಿರೋದು? ಸೊಪ್ಪು ಒಣಗ್ತಿರೋದು ಕಾಣಲ್ವಾ?"

"ನೀವು ಮೇಲಿದ್ದೀರಿ, ನಾನು ಗಾಡಿ ಹಿಂದಿದ್ದೀನಿ. ನಿಮಗೆ ಹೆಂಗೆ ಕಾಣ್ತು ಅಕ್ಕಾ?" ಎಂದ ಚಾಲಕ.

ಮೊರವನ್ನು ಅಲ್ಲಿಯೇ ಬಿಸಿಲಿಗೆ ಬಿಟ್ಟು ಪಾರ್ವತಕ್ಕ ದಡದಡನೆ ಇಳಿದು ಅಡುಗೆಮನೆ ಸೇರಿದರು. ಸೀಸೆಗಳ ಮುಚ್ಚಳ ಒಂದರ ಹಿಂದೊಂದು ಬಿಚ್ಚಿಕೊಳ್ಳುವ ಸದ್ದು ಕೇಳಿಸಿತು. ಹೊರಡುತ್ತೇವೆಂದು ನಾನು ಬಾಗಿಲಲ್ಲಿ ನಿಂತು ಎರಡು ಸಲ ಕರೆದೆ.

"ಹೊರಡಿ ಮೇಷ್ಟ್ರೇ," ಎಂದರು ಒಳಗಿನಿಂದಲೇ. "ನಂಗೀಗ ಪುರುಸೊತ್ತಿಲ್ಲ."

ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದೇ ಆಯಿತು. ಹಿತ್ತಲು ಹಿತ್ತಲಾಗಿಯೇ ಉಳಿಯುವುದೆಂದು ಇತ್ಯರ್ಥವಾದದ್ದೂ ಅಂದೇ: ಎರಡು ಸಾವಿರದ ಇಪ್ಪತ್ತೆರಡನೆಯ ಇಸವಿ, ಮಾರ್ಚ್ ಇಪ್ಪತ್ತೇಳು, ಭಾನುವಾರ.