ಈಶಾನ್ಯದ ಕಿಟಕಿಯಲ್ಲಿ ಮೀನಿನ ತೊಟ್ಟಿ

ಮನೆಯಲ್ಲಿ ಪ್ರತಿಯೊಂದು ವಸ್ತುವಿಗೂ ಅದರದೇ ಆದ ಸ್ಥಾನವಿರಬೇಕು. ಗೃಹಸ್ಥಾಶ್ರಮದ ನೆಮ್ಮದಿಯೆಲ್ಲ ನಿಂತಿರುವುದು ಅದರ ಮೇಲೆ. ಹೀಗೆಂದು ದೃಢವಾಗಿ ನಂಬಿದ್ದ ನಾನು, ನನ್ನ ಕೊಡೆ ಎಲ್ಲಿದೆಯೆಂದು ದಿನಾ ಬೆಳಿಗ್ಗೆ ಹೆಂಡತಿಯನ್ನು ಕೇಳುತ್ತಿದ್ದೆ.

ಯುದ್ಧ ಮುಗಿದ ಹೊಸತು. ಬೆಂಗಳೂರಿನ ದಂಡು ಪ್ರದೇಶದಲ್ಲಿ, ತನ್ನ ದೇಶಕ್ಕೆ ಹೊರಟಿದ್ದ ಬಿಳಿಯ ದೊರೆಯೊಬ್ಬನ ಸಾಮಾನು ಹರಾಜಾಗುತ್ತಿತ್ತು. ಮೇಜು ಕೊಳ್ಳಲು ಹೋದವನು ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿಯೊಂದನ್ನೂ, ಮೀನು ಸಾಕುವ ಕ್ರಮ ಹೇಳುವ ಇಂಗ್ಲಿಷ್ ಪುಸ್ತಿಕೆಯನ್ನೂ ಕೊಂಡು, ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊಸಕೋಟೆಗೆ ಬಂದೆ.

ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿ, ನನ್ನನ್ನು ಎತ್ತಿ ಬೆಳೆಸಿದ ಸೋದರತ್ತೆ ತೊಟ್ಟಿಗೆ ಒಂದು ಪ್ರದಕ್ಷಿಣೆ ಬಂದರು.

"ಏನೋ ಇದು?"

"ಮೀನು ಸಾಕೋಕೆ, ಅತ್ತೆ."

"ಸಾಕಿ?"

"ನೋಡೋದು."

"ಅಷ್ಟು ದೊಡ್ಡ ಕೆರೆ ಇದೆಯಲ್ಲೋ ಊರಲ್ಲಿ. ಅಲ್ಲಿ ನೋಡಿದ್ರೆ ಬೇಡ ಅಂತಾವಾ?"

ಪುಸ್ತಿಕೆಯ ಪ್ರಕಾರ ಹೊಸಬರು ಮೊದಲು ಜಾಗ ಗೊತ್ತುಮಾಡಬೇಕು, ಆಮೇಲೆ ನೀರು ತುಂಬಬೇಕು. ತುಂಬಿದ ತೊಟ್ಟಿಯನ್ನು ಜರುಗಿಸಿದರೆ ಗಾಜಿನ ಸಂದಿಗೆ ಮೆತ್ತಿದ ಅಂಟು ಬಿಟ್ಟುಕೊಂಡು ನೀರು ಸೋರುತ್ತದೆ. ಅಡಿ ಸಮವಾಗಿ, ಗಟ್ಟಿಯಾಗಿರಬೇಕು. ಬೆಳಗಿನ ಎಳೆಬಿಸಿಲು ಸೋಕಬೇಕು, ಮಧ್ಯಾಹ್ನದ್ದು ಕೂಡದು. ಪಕ್ಕದ ಮನೆಯ ಜೋಯಿಸರನ್ನೂ ಕೇಳಿದೆ. "ನೀರು ಅಂದ್ಮೇಲೆ ಈಶಾನ್ಯ ಕಣಯ್ಯ, ಎರಡು ಮಾತಿಲ್ಲ" ಎಂದರು. ಆಂಗ್ಲರ ಶಾಸ್ತ್ರವೂ ನಮ್ಮ ಶಾಸ್ತ್ರವೂ ಒಂದೇ ಮೂಲೆಗೆ ಕೈ ತೋರಿಸಿದ್ದು ನಾನು ಕಂಡಂತೆ ಅದೊಂದೇ ಸಲ. ಪಡಸಾಲೆಯ ಈಶಾನ್ಯದ ಕಿಟಕಿ, ಅದರ ಕೆಳಗೆ ಗಾರೆಯ ಕಟ್ಟೆ.

ಅದು ಅತ್ತೆ ಕೂರುವ ಜಾಗ. ಹೊಸ್ತಿಲು ದಾಟುವುದೇ ಅಪರೂಪವಾಗಿದ್ದ ಅವರು ಬೆಳಿಗ್ಗೆ ಅಲ್ಲಿ ಕೂತು ಹೂಬತ್ತಿ ಹೊಸೆಯುತ್ತ, ಸರಳಿನಾಚೆ ನಿಂತವರೊಡನೆ ಮಾತಾಡುತ್ತಿದ್ದರು. ಅವರ ಲೋಕಸಂಚಾರವೆಲ್ಲ ಅಷ್ಟೇ.

"ಅತ್ತೆ ಎಲ್ಲಿ ಕೂತ್ಕೋತಾರೆ?" ಎಂದಳು ಹೆಂಡತಿ.

"ಮನೇಲಿ ಜಾಗಕ್ಕೇನು ಬರ?" ಎಂದೆ.

ಎರಡು ಶಾಸ್ತ್ರಗಳನ್ನು ಕೇಳಿದವನು ಅತ್ತೆಯನ್ನು ಕೇಳಲಿಲ್ಲ. ಮಡಿಯಲ್ಲಿರುವವರು ಮೀನಿನ ನೀರಿನ ಪಕ್ಕ ಕೂರುವಂತೆಯೂ ಇರಲಿಲ್ಲ. ಅವರೇ ಹತ್ತಿಯ ಬುಟ್ಟಿ ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋದರು. ಅಲ್ಲಿ ಹಗಲಲ್ಲೂ ಕತ್ತಲೆ. ಬತ್ತಿ ಹೊಸೆಯೋಕೆ ಕಣ್ಣು ಬೇಡ, ಬೆರಳಿಗೆ ಗೊತ್ತು ಎಂದರು.

ಕೆರೆಯಿಂದ ತಂದ ಬೆರಳುದ್ದದ ಮೀನುಗಳು ಶಾಸ್ತ್ರೋಕ್ತವಾಗಿ ಬದುಕಿದವು. ಒಂದು ಬೆಳಿಗ್ಗೆ ಹೂವಿನವಳು ಕಿಟಕಿಯ ಬಳಿ ನಿಂತು "ಅಮ್ಮಾರೇ" ಎಂದು ಕರೆದು, ಮೀನು ನೋಡಿ, ಹೊರಟುಹೋದಳು. ಒಳಗಿನಿಂದ ಅತ್ತೆ "ಇದ್ದೀನಿ ಕಣೇ" ಎಂದದ್ದು ಅವಳಿಗೆ ಕೇಳಿಸಲಿಲ್ಲ.

"ಅವಳ ಮಗಳಿಗೆ ಹೆರಿಗೆ ಆಯ್ತಂತೇನೋ?" ಎಂದು ಅತ್ತೆ ನನ್ನನ್ನು ಕೇಳಿದರು.

"ಕೇಳ್ಲಿಲ್ಲ ಅತ್ತೆ."

"ಹೋದ ಸಲ ಮಗು ಉಳೀಲಿಲ್ಲ, ಅದಕ್ಕೆ ಕೇಳ್ದೆ."

ಬೀದಿಗೆ ಓಡಿದೆ. ಅವಳು ತಿರುವು ದಾಟಿದ್ದಳು.

ಮಾರನೆಯ ದಿನ ತೊಟ್ಟಿ ಬರಿದುಮಾಡಲು ಕೊಡಪಾನ ಹಿಡಿದು ನಿಂತೆ. ಅತ್ತೆ ಅಡುಗೆಮನೆಯ ಬಾಗಿಲಿಂದಲೇ ತಡೆದರು.

"ಬೇಡ ಬಿಡೋ. ಜಾಗ ಬಿಡಿಸಿದ್ರೆ ಸತ್ತೋಗ್ತಾವೆ. ಒಗ್ಗಿಕೊಂಡಿವೆ, ಪಾಪ."

"ನೀವು ಇಲ್ಲಿ ಬಂದು ಕೂತ್ಕೊಳ್ಳಿ ಅತ್ತೆ."

"ನಾನೂ ಇಲ್ಲಿ ಒಗ್ಗಿಕೊಂಡೆ ಕಣೋ."

ಇನ್ನೊಂದು ಸಲ ಒತ್ತಾಯ ಮಾಡಬಹುದಿತ್ತು. ಮೀನು ಚೆನ್ನಾಗಿ ಕಾಣುತ್ತಿದ್ದದ್ದು ಆ ಬೆಳಕಿನಲ್ಲೇ ಎಂಬುದೂ ನಿಜ. ಕೊಡಪಾನ ಕೆಳಗಿಟ್ಟೆ.

ತೊಟ್ಟಿ ಈಶಾನ್ಯದ ಕಿಟಕಿಯಲ್ಲೇ ಉಳಿಯಿತು. ಅತ್ತೆ ಕೊನೆಯವರೆಗೂ ಅಡುಗೆಮನೆಯ ಬಾಗಿಲಲ್ಲಿ ಕೂತರು.