ಓಟು ಹಾಕಿದವರಿಗೆ ಬಿಟ್ಟಿ ಕಟಿಂಗ್

ನನ್ನ ಗಂಡ ಅಲೊಂಜೊ ಟನ್‌ಸ್ಟಾಲ್‌ನ ಬಾಯಿಗೆ ಬೀಗ ಹಾಕುವ ಗಂಡಸು ಪೀಟರ್ಸ್‌ಬರ್ಗ್ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಹೆಂಗಸು ಹುಟ್ಟಿದ್ದಾಳೆ, ಅದು ನಾನು. ಆದರೆ ನಾನು ಹಗಲೆಲ್ಲ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಹಾಕುತ್ತಿರುತ್ತೇನೆ. ಆ ಹೊತ್ತಿನಲ್ಲಿ ಅವನ ಕಟಿಂಗ್ ಅಂಗಡಿಗೆ ಅವನೇ ರಾಜ. ಎರಡು ಕುರ್ಚಿ, ಗೋಡೆಗೊಂದು ಟೀವಿ, ಸದಾ ಬಿಸಿಯಾಗಿರುವ ಕಾಫಿ. ಅಲ್ಲಿ ಕೂದಲು ಬೀಳುವುದಕ್ಕಿಂತ ಸರ್ಕಾರ ಬೀಳುವುದೇ ಹೆಚ್ಚು.

ವಾಷಿಂಗ್ಟನ್‌ನಲ್ಲಿ ಯಾರು ಸೀನಿದರೂ ನಮ್ಮ ಮನೆಯ ಮೊಟ್ಟೆಯ ಬೆಲೆ ಏರುತ್ತದೆ ಎಂಬುದು ಅವನ ಸಿದ್ಧಾಂತ. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಬೇಡ ಎಂದು ನಾನು ಬೈದರೆ ಅವನ ಅಜ್ಜಿಯ ಕಥೆ ತೆಗೆಯುತ್ತಾನೆ. ಆಗೆಲ್ಲ ನಮ್ಮ ವರ್ಜೀನಿಯಾದಲ್ಲಿ ಓಟು ಹಾಕಬೇಕಾದರೆ ಮೊದಲು ತೆರಿಗೆ ಕಟ್ಟಬೇಕಿತ್ತು. ನಮ್ಮಂಥ ಕರಿಯರ ಕೈಯಲ್ಲಿ ಕಟ್ಟಲಾಗದು ಎಂದು ಗೊತ್ತಿದ್ದೇ ಹಾಕಿದ್ದ ತೆರಿಗೆ ಅದು. ಆ ಅಜ್ಜಿ ಕೋಳಿ ಸಾಕಿ, ಮನೆಯ ಮಕ್ಕಳ ತಟ್ಟೆಗೂ ಹಾಕದೆ ಮೊಟ್ಟೆ ಮಾರಿ, ಆ ದುಡ್ಡು ಕಟ್ಟಿ ಓಟು ಹಾಕಿ ಬಂದಳಂತೆ. "ನಮ್ಮ ಮನೇಲಿ ಮೊಟ್ಟೆಗೂ ಓಟಿಗೂ ನಂಟು ಇವತ್ತಿಂದಲ್ಲ ಕಣೇ ವರ್ಡೀನ್" ಎನ್ನುತ್ತಾನೆ. ನಾನು ಒಲೆಯ ಮೇಲಿನ ಬಾಣಲೆಯ ಕಡೆ ತಿರುಗುತ್ತೇನೆ.

ತಮಾಷೆ ಏನೆಂದರೆ, ಇಷ್ಟೆಲ್ಲ ಮಾತಾಡುವ ಈ ಮನುಷ್ಯನಿಗೆ ಓಟೇ ಇರಲಿಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ಕಾರು ಕದ್ದ, ಸಿಕ್ಕಿಬಿದ್ದ, ಜೈಲಿಗೆ ಹೋಗಿ ಬಂದ. ಕತ್ತರಿ ಹಿಡಿಯುವುದನ್ನು ಕಲಿತದ್ದೂ ಅಲ್ಲೇ. ನಮ್ಮ ರಾಜ್ಯದಲ್ಲಿ ಅಂಥ ಶಿಕ್ಷೆಯಾದವನ ಓಟು ಹೋದರೆ ಹೋಯಿತು. ಗವರ್ನರ್ ಮನಸ್ಸು ಮಾಡಿ ವಾಪಸು ಕೊಟ್ಟರೆ ಮಾತ್ರ ಉಂಟು. ಅರ್ಜಿ ಹಾಕೋ ಎಂದು ನಾನು ಬಾಯಿ ನೋಯಿಸಿಕೊಂಡೆ. "ಮಾಡಿದ್ದಕ್ಕೆ ಒಳಗಿದ್ದು ಬಂದಾಯ್ತು. ಇನ್ನು ಯಾರ ಮುಂದೇನೂ ಕೈಯೊಡ್ಡಲ್ಲ" ಎನ್ನುತ್ತಿದ್ದ. ಹಟದಲ್ಲಿ ಅವನದು ಕತ್ತೆಯ ಜಾತಿ.

ಊರಿಗೆಲ್ಲ ಇದು ಗೊತ್ತಿದ್ದ ವಿಷಯವೇ. ನಮ್ಮ ಚರ್ಚಿನ ಹಿರಿಯರಾದ ಡೀಕನ್ ಹೋಬರ್ಟ್ ಪೆಗ್ರಮ್ ಅವರಂತೂ ದಿನವೂ ಅಂಗಡಿಗೆ ಬಂದು ಇದನ್ನೇ ಕೆದಕುತ್ತಿದ್ದರು. "ನೋಡ್ರಪ್ಪ, ಓಟಿಲ್ಲದೋನಿಗೆ ದೇವರು ಎರಡು ಬಾಯಿ ಕೊಟ್ಟು ಕಳಿಸಿದಾನೆ" ಎನ್ನುವರು. ಡೀಕನ್ನರ ತಲೆ ಹಿತ್ತಾಳೆಯ ಚೊಂಬು, ಹುಡುಕಿದರೂ ಒಂದು ಕೂದಲಿಲ್ಲ.

"ಕೂದ್ಲಿಲ್ಲದೋರಿಗೆ ದಿನಾ ಕಟಿಂಗ್ ಅಂಗಡೀಲಿ ಏನ್ ಕೆಲಸ ಡೀಕನ್ನೋರೇ?" ಎಂದು ಇವನು ತಿರುಗಿಸುವನು. ಅಲ್ಲಿಗೆ ಆ ದಿನದ ಪೂಜೆ ಮುಗಿದಂತೆ.

ಇನ್ನೊಬ್ಬ ಖಾಯಂ ಗಿರಾಕಿ ವೆಂಡೆಲ್ ಕ್ರೌಡರ್. ಗಿರಾಕಿ ಎನ್ನುವುದು ತಪ್ಪು, ಕಾಸು ಕೊಟ್ಟವನಲ್ಲ. ಎದುರುಗಡೆ ಟೈರ್ ಅಂಗಡಿ ಇಟ್ಟಿರುವ ಬಿಳಿಯ. ಬೆಳಗ್ಗೆ ನಮ್ಮ ಕಾಫಿ ಕುಡಿಯಲು ಬರುತ್ತಾನೆ, ಅಲೊಂಜೊ ಮೆಚ್ಚಿದ ರಾಜಕಾರಣಿಯನ್ನೆಲ್ಲ ಬೈಯುತ್ತಾನೆ, ಅಲೊಂಜೊ ವೆಂಡೆಲ್‌ನ ಪಕ್ಷವನ್ನು ಬೈಯುತ್ತಾನೆ. ಆಮೇಲೆ ಇಬ್ಬರೂ ಸೇರಿ ಕರೆಂಟ್ ಬಿಲ್ಲು, ವಿಮೆಯ ಕಂತು, ಹಂದಿಮಾಂಸದ ಬೆಲೆಯನ್ನು ಬೈದು ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಇಷ್ಟು ವರ್ಷದಲ್ಲಿ ವೆಂಡೆಲ್ ಒಂದು ಸಲವೂ ನಮ್ಮ ಕುರ್ಚಿಯಲ್ಲಿ ಕೂತು ತಲೆ ಕೊಟ್ಟವನಲ್ಲ. ಯಾಕೆ ಎಂದು ಅಲೊಂಜೊ ಕೇಳಿದವನೂ ಅಲ್ಲ. ನಮ್ಮೂರಲ್ಲಿ ಅದು ಹಾಗೇ. ಒಂದೇ ಬೋಗುಣಿಯಿಂದ ಕಡಲೆಕಾಯಿ ತಿಂದರೂ ಅವರ ಚರ್ಚು ಬೇರೆ, ಸ್ಮಶಾನ ಬೇರೆ, ಕಟಿಂಗ್ ಅಂಗಡಿ ಬೇರೆ. ಯಾರೂ ಕಾನೂನು ಮಾಡಿಲ್ಲ, ಯಾರೂ ಮೀರುವುದೂ ಇಲ್ಲ.

ಕೊನೆಗೆ ನಮ್ಮ ಮಗಳು ಜೊಸೆಟ್ ಅಪ್ಪನ ಹಟ ಮುರಿದಳು. ಅವಳು ರಿಚ್ಮಂಡ್‌ನಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿದ್ದಾಳೆ. ಅರ್ಜಿಯನ್ನು ತಾನೇ ತುಂಬಿ ತಂದು, ಅಪ್ಪನ ಕೈಗೆ ಪೆನ್ನು ಕೊಟ್ಟು, "ಡ್ಯಾಡಿ, ಇಲ್ಲಿ ಸೈನ್ ಹಾಕಿ. ಮಾತು ಬೇಡ" ಎಂದಳು, ಅಷ್ಟೇ. ಅಪ್ಪ ಹಾಕಿದ. ನಾನು ವರ್ಷಾನುಗಟ್ಟಲೆ ಗೋಗರೆದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ಓಟು ವಾಪಸು ಬಂತು. ಆ ದಿನ ಅವನು ಊಟದಲ್ಲಿ ಒಂದು ಮಾತೂ ಆಡಲಿಲ್ಲ. ನನಗೆ ಭಯವಾಗಿ ಹಣೆ ಮುಟ್ಟಿ ನೋಡಿದೆ.

ಮರುದಿನದಿಂದ ನೋಡಬೇಕಿತ್ತು! ಈಸ್ಟರ್‌ಗೆ ಹಾಕುವ ಕಂದು ಸೂಟನ್ನು ನವೆಂಬರ್ ಚುನಾವಣೆಗೆಂದು ಈಗಲೇ ಇಸ್ತ್ರಿ ಮಾಡಿಸಿದ. ಮತಗಟ್ಟೆ ನಮ್ಮ ಶಾಲೆಯಲ್ಲೇ, ನಾನು ಬಡಿಸುವ ಊಟದ ಹಾಲಿನಲ್ಲೇ. ನಮ್ಮ ರಾಜ್ಯದಲ್ಲಿ ಚುನಾವಣೆಗೆ ವಾರಗಟ್ಟಲೆ ಮೊದಲೇ ಓಟು ಹಾಕಬಹುದು, ಹಾಗೆ ಹಾಕಿ ಬಾ ಎಂದರೆ ಒಪ್ಪಲಿಲ್ಲ. ಚುನಾವಣೆಯ ದಿನವೇ, ಮಟಮಟ ಮಧ್ಯಾಹ್ನ, ಹೆಂಡತಿಯ ಕೈ ಹಿಡಿದುಕೊಂಡು, ಊರವರೆಲ್ಲ ನೋಡುವಂತೆ ಹೋಗಬೇಕಂತೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಅಲೊಂಜೊ ಹೇಗಾದಾನು? ಖುಷಿ ತಡೆಯದೆ ಅಂಗಡಿಯ ಗಾಜಿಗೆ ದೊಡ್ಡ ಬೋರ್ಡು ಅಂಟಿಸಿದ: ಚುನಾವಣೆಯ ದಿನ ಮತಗಟ್ಟೆಯಲ್ಲಿ ಕೊಡುವ 'ನಾನು ಓಟು ಹಾಕಿದೆ' ಎಂಬ ಸ್ಟಿಕ್ಕರ್ ತೋರಿಸಿದವರಿಗೆ ಕಟಿಂಗ್ ಬಿಟ್ಟಿ.

"ಹಾಸಿಗೆ ಇದ್ದಷ್ಟು ಕಾಲು ಚಾಚೋ ಮಾರಾಯ. ಚಳಿಗಾಲ ಬರ್ತಿದೆ, ಹೀಟರ್ ಬಿಲ್ಲು ನಿಮ್ಮಪ್ಪ ಕಟ್ತಾನಾ?" ಎಂದೆ.

"ಒಂದು ದಿನ ಕಣೇ. ಮದುವೆ ಊಟ ಹಾಕಿಸ್ದೆ ಅಂದ್ಕೋ" ಎಂದ.

ಚುನಾವಣೆಗೆ ಮುಂಚಿನ ಭಾನುವಾರ ಜೊಸೆಟ್ ಊಟಕ್ಕೆ ಬಂದಳು. ದಾರಿಯಲ್ಲಿ ಬೋರ್ಡು ನೋಡಿಕೊಂಡೇ ಬಂದಿದ್ದಳು. ಕೋಟು ಕೂಡ ಬಿಚ್ಚದೆ, "ಡ್ಯಾಡಿ, ಅದನ್ನ ಇವತ್ತೇ ಕಿತ್ತುಹಾಕಿ" ಎಂದಳು.

"ಯಾಕೆ? ಕಾಗುಣಿತ ತಪ್ಪಿದೆಯಾ?"

"ಕಾನೂನು ತಪ್ಪಿದೆ. ಓಟು ಹಾಕಿದ್ದಕ್ಕೆ ಯಾರಿಗೂ ಏನೂ ಕೊಡಂಗಿಲ್ಲ. ದುಡ್ಡೂ ಕೊಡಂಗಿಲ್ಲ, ಕಟಿಂಗೂ ಮಾಡಂಗಿಲ್ಲ. ಅದು ಅಪರಾಧ."

ಅಲೊಂಜೊನ ಕೈಯಲ್ಲಿದ್ದ ಕಾರ್ನ್‌ಬ್ರೆಡ್ ತುಂಡು ಕೈಯಲ್ಲೇ ಉಳಿಯಿತು. ಎಷ್ಟೋ ಅಂಗಡಿಯವರು ಹೀಗೆ ಮಾಡುತ್ತಾರೆ, ಯಾರೂ ಹಿಡಿಯುವುದಿಲ್ಲ ಎಂದು ನಾನು ಹೇಳಿದೆ. "ಅವರನ್ನ ಹಿಡಿಯಲ್ಲ ವರ್ಡೀನ್" ಎಂದ ಮೆಲ್ಲಗೆ. "ನನ್ನನ್ನ ಹಿಡೀತಾರೆ. ಬಂದ ಓಟು ಇನ್ನೂ ಕೈಗೆ ಸಿಕ್ಕಿಲ್ಲ, ಮತ್ತೆ ಕಿತ್ಕೊಂಡು ಹೋಗ್ತಾರೆ." ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬುದು ಇದಕ್ಕೇ. ಇಂಥ ಎಡವಟ್ಟು ನನ್ನ ಗಂಡನೊಬ್ಬನಿಂದಲೇ ಸಾಧ್ಯ. ಓಟು ಬಂದ ಖುಷಿಗೆ ಓಟಿಗೇ ಕುತ್ತು ತಂದುಕೊಂಡಿದ್ದ.

ಬೋರ್ಡು ತೆಗೆದುಬಿಡಿ, ಮುಗಿಯಿತು ಎಂದಳು ಮಗಳು. ಆದರೆ ಊರಿಗೆಲ್ಲ ಕೊಟ್ಟ ಮಾತು, ಹಿಂದೆಗೆದುಕೊಂಡರೆ ಡೀಕನ್ನರು ಸಾಯುವವರೆಗೆ ಆಡಿಕೊಳ್ಳುತ್ತಾರೆ. "ಬೇರೆ ದಾರಿ ಇಲ್ವಾ?" ಎಂದು ಕೇಳಿದ. ಇದೆ ಎಂದಳು. ಓಟು ಹಾಕಿದವರು, ಹಾಕದವರು ಎಂದು ನೋಡದೆ ಬಂದವರಿಗೆಲ್ಲ ಬಿಟ್ಟಿ ಮಾಡಿದರೆ ತಪ್ಪಿಲ್ಲ. ನಾನು ಮಗಳಿಗೆ ಕಣ್ಣಲ್ಲೇ ಬೇಡ ಎಂದೆ. ಅಷ್ಟರಲ್ಲಿ ಅವನು ಬಣ್ಣದ ಡಬ್ಬಿ ಹುಡುಕಲು ಎದ್ದಾಗಿತ್ತು. ಸಂಜೆಗೆ ಬೋರ್ಡು ಹೊಸದಾಯಿತು: ಎಲ್ಲರಿಗೂ ಬಿಟ್ಟಿ.

ಪುಗಸಟ್ಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ, ನಮ್ಮೂರಲ್ಲಿ ಸ್ವಲ್ಪ ಹೆಚ್ಚು. ಚುನಾವಣೆಯ ಬೆಳಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ಸಾಲು ಮೂಲೆ ತಿರುಗಿತ್ತು. ಒಬ್ಬ ತಂದೆ ಮೂರು ಗಂಡುಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದ. ಡೀಕನ್ ಪೆಗ್ರಮ್ ಕೂಡ ನಿಂತಿದ್ದರು.

"ನಿಮಗೇನ್ ಕತ್ತರಿಸಲಿ ಡೀಕನ್ನೋರೇ, ಬಾಲಾನಾ?"

"ಹುಬ್ಬು ಇದೆಯಲ್ಲಪ್ಪ. ಬಿಟ್ಟಿ ಅಂದ್ಮೇಲೆ ಹುಬ್ಬಾದ್ರೂ ಸರಿ ಮಾಡು."

ನಾನು ಶಾಲೆಗೆ ರಜೆಯಿದ್ದುದರಿಂದ ಬೆಳಗ್ಗೆಯೇ ಓಟು ಹಾಕಿ ಬಂದು ಅಂಗಡಿಯಲ್ಲಿ ಕೂದಲು ಗುಡಿಸುತ್ತಿದ್ದೆ. ಅವನ ಸೂಟು ಹಿಂದಿನ ಕೋಣೆಯಲ್ಲಿ ನೇತಾಡುತ್ತಿತ್ತು. ಮಧ್ಯಾಹ್ನವಾಯಿತು, ಹೋಗೋಣ ಎಂದೆ. ಇದೊಂದು ತಲೆ ಎಂದ. ಆಮೇಲೆ ಇನ್ನೊಂದು ತಲೆ. ಜನ ನಗುತ್ತಿದ್ದರು, ಟೀವಿ ಕೂಗುತ್ತಿತ್ತು, ಯಾರೋ ಕರಿದ ಮೀನು ತಂದು ಹಂಚಿದರು. ಇವನು ಸುಖವಾಗಿ ಎಲ್ಲ ಪಕ್ಷಗಳನ್ನೂ ಬೈಯುತ್ತ ಮಿಷನ್ ಓಡಿಸುತ್ತಿದ್ದ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಕತ್ತಲಾದಾಗ ಗಡಿಯಾರ ನೋಡಿ ನನ್ನ ನಗು ನಿಂತಿತು. ಮತಗಟ್ಟೆಯ ಬಾಗಿಲು ಮುಚ್ಚುವುದು ಏಳಕ್ಕೆ.

ಆಗ ಒಳಗೆ ಬಂದವನು ವೆಂಡೆಲ್. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಆಗಷ್ಟೇ ಖಾಲಿಯಾದ ಕುರ್ಚಿ ನೋಡುತ್ತ ನಿಂತ. ಯಾರೋ ಟೀವಿಯ ದನಿ ತಗ್ಗಿಸಿದರು.

"ಎಲ್ಲರಿಗೂ ಅಂತ ಬರೆದಿದೆ" ಎಂದ ವೆಂಡೆಲ್.

"ಬರೆದೋನು ನಾನೇ. ಕೂತ್ಕೋ" ಎಂದ ಅಲೊಂಜೊ. ಬಟ್ಟೆ ಹೊದಿಸಿ, ಆ ಕೂದಲನ್ನು ಬೆರಳಲ್ಲಿ ಎತ್ತಿ ನೋಡಿದ. "ಇದೇನಯ್ಯ, ಮುಸುಕಿನ ಜೋಳದ ಕೂದಲಿದ್ದಂಗಿದೆ. ಕೈಗೇ ನಿಲ್ತಿಲ್ಲ."

"ಕತ್ತರಿಸೋಕೆ ಬರಲ್ಲ ಅಂದ್ರೆ ಹೇಳ್ಬಿಡು."

"ಬರಲ್ಲ ಅಂದ್ನಾ? ಇಷ್ಟು ವರ್ಷ ಯಾಕ್ ಬರ್ಲಿಲ್ಲ ನೀನು?"

"ನೀನು ಕರೀಲಿಲ್ಲ."

"ಕಟಿಂಗ್ ಅಂಗಡಿಗೆ ಬರೋಕೆ ಮದುವೆ ಕಾಗದ ಕೊಡ್ಬೇಕಿತ್ತಾ?"

ಎಲ್ಲರೂ ಗೊಳ್ಳೆಂದರು. ವೆಂಡೆಲ್ ಕಿವಿ ಕೆಂಪಾಗಿತ್ತು, ಆದರೂ ನಗುತ್ತಿದ್ದ. ನಾನು ಮಾತ್ರ ಪೊರಕೆ ಬಿಸಾಕಿದೆ. "ಅಲೊಂಜೊ, ಆರೂವರೆ ದಾಟಿತು. ಈಗ ಹೊರಡದಿದ್ರೆ ಇನ್ನು ಮುಂದಿನ ವರ್ಷ."

ಅವನು ಗಡಿಯಾರ ನೋಡಿದ. ವೆಂಡೆಲ್‌ನ ತಲೆ ಆಗ ಒಂದು ಕಡೆ ಪೂರಾ ಸಣ್ಣಗಾಗಿ, ಇನ್ನೊಂದು ಕಡೆ ಹಾಗೇ ಕಾಡಾಗಿತ್ತು. "ಕುರ್ಚೀಲಿ ಕೂತೋನನ್ನ ಅರ್ಧಕ್ಕೆ ಬಿಟ್ಟು ಹೋದೋನಲ್ಲ ನಾನು" ಎಂದು ಮತ್ತೆ ಬಾಚಣಿಗೆ ಎತ್ತಿದ. ನನಗೆ ಅಳು ಒತ್ತರಿಸಿಕೊಂಡು ಬಂತು. ಅರ್ಧ ಆಯುಷ್ಯ ಕಾದ ಓಟು ಒಂದು ಟೈರಿನವನ ತಲೆಗೆ ಬಲಿಯಾಗುವುದೇ?

ವೆಂಡೆಲ್ ಮೈಮೇಲಿನ ಬಟ್ಟೆಯ ಸಮೇತ ಎದ್ದು ನಿಂತ. "ಅರ್ಧಕ್ಕೆ ಬಿಡ್ಬೇಡ, ಜೊತೇಲೇ ಕರ್ಕೊಂಡು ಹೋಗು. ನನ್ನ ಗಾಡಿ ಹೊರಗಿದೆ."

ಸೂಟಿಗೆ ಹೊತ್ತಿರಲಿಲ್ಲ. ಕೂದಲು ಮೆತ್ತಿದ ಅಂಗಿಯಲ್ಲೇ ಅವನು ಹತ್ತಿದ, ನಾನು ಇಬ್ಬರ ನಡುವೆ ತುರುಕಿಕೊಂಡೆ. ಕೆಟ್ಟುನಿಂತ ಕಾರುಗಳನ್ನು ಎಳೆಯುವ ಆ ಗಾಡಿ ಅಷ್ಟು ವೇಗವಾಗಿ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ನೀನು ಬೆಳಗ್ಗೇನೇ ಹಾಕಿದ್ಯಾ?" ಎಂದು ಅಲೊಂಜೊ ಕೇಳಿದ.

"ಹ್ಞೂಂ. ನಿಮ್ಮೋನ ವಿರುದ್ಧ."

"ಹಂಗಾದ್ರೆ ನನ್ನ ಓಟು ನಿನ್ನ ಓಟನ್ನ ಹೊಡೆದುಹಾಕತ್ತೆ. ಗೊತ್ತು ತಾನೇ?"

"ಅಷ್ಟು ಲೆಕ್ಕ ನನಗೂ ಬರತ್ತೆ" ಎಂದು ವೆಂಡೆಲ್ ಗೇರ್ ಬದಲಿಸಿದ. "ಬಾಗಿಲು ಗಟ್ಟಿಯಾಗಿ ಹಿಡ್ಕೋ, ತಿರುವು ಬಂತು."

ಶಾಲೆಯ ಬಾಗಿಲು ಮುಚ್ಚಲು ಒಬ್ಬಾಕೆ ಬೀಗದ ಕೈ ಹಿಡಿದು ಬರುತ್ತಿದ್ದಳು. ನಾವು ಅವಳ ಮುಂದಿನಿಂದಲೇ ಒಳಗೆ ನುಗ್ಗಿದೆವು. ಅರ್ಧ ತಲೆಯ ಬಿಳಿಯನೊಬ್ಬ ಹೊದಿಕೆ ಹಾರಿಸಿಕೊಂಡು ಬಂದದ್ದು ನೋಡಿ ಅಲ್ಲಿದ್ದವರು ಬೆಪ್ಪಾದರು. ಮೇಜಿನ ಹಿಂದಿನ ಮುದುಕಿ ಕನ್ನಡಕ ಸರಿಮಾಡಿಕೊಂಡು ಅಲೊಂಜೊನ ಹೆಸರು, ವಿಳಾಸ ಕೇಳಿದಳು. ಅವನು ಹೇಳಿದ, ಆದರೆ ದನಿ ಹೊರಡಲಿಲ್ಲ. ಊರಿಗೇ ಬಾಯಿಯಾದವನು ಸ್ವಂತ ಹೆಸರು ಹೇಳಲು ತಡವರಿಸಿದ. ಇನ್ನೊಮ್ಮೆ ಹೇಳಿದ. ಪಟ್ಟಿಯಲ್ಲಿ ಬೆರಳಾಡಿಸಿ, ನಿಯಮದಂತೆ ಅವಳು ಅದನ್ನು ಗಟ್ಟಿಯಾಗಿ ಓದಿದಳು: "ಅಲೊಂಜೊ ಫ್ರೀಮನ್ ಟನ್‌ಸ್ಟಾಲ್."

ಅವನ ಪೂರ್ತಿ ಹೆಸರನ್ನು ಸರ್ಕಾರದವರು ಹೀಗೆ ತುಂಬಿದ ಕೋಣೆಯಲ್ಲಿ ಕೂಗಿದ್ದು ಹಿಂದೆ ಒಂದೇ ಸಲ, ಶಿಕ್ಷೆ ಓದುವಾಗ. ಅವನು ಓಟಿನ ಚೀಟಿ ತೆಗೆದುಕೊಂಡು, ನಾನು ದಿನಾ ಮಕ್ಕಳಿಗೆ ಬೀನ್ಸು ಬಡಿಸುವ ಜಾಗದಲ್ಲಿ ಇಟ್ಟಿದ್ದ ಮರೆಯ ಹಿಂದೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಯಾರೂ ಅವಸರ ಮಾಡಲಿಲ್ಲ. ನಾನು ವೆಂಡೆಲ್‌ನ ಹೊದಿಕೆಯ ತುದಿಯಲ್ಲೇ ಕಣ್ಣೊರೆಸಿಕೊಂಡೆ, ಅವನು ಆ ಕಡೆ ನೋಡುತ್ತ ನಿಂತ.

ಮರುದಿನ ಬೆಳಗ್ಗೆ ಅಂಗಡಿಯಲ್ಲಿ ಟೀವಿ ಫಲಿತಾಂಶ ಹೇಳಿತು. ಅಲೊಂಜೊ ಓಟು ಹಾಕಿದವನು ಸೋತಿದ್ದ, ಅದೂ ಹೀನಾಯವಾಗಿ. ರಾತ್ರಿಯೇ ನಮ್ಮ ಕುರ್ಚಿಯಲ್ಲಿ ಎರಡೂ ಕಡೆ ಸಮ ಮಾಡಿಸಿಕೊಂಡ ತಲೆ ಹೊತ್ತು ಬಂದ ವೆಂಡೆಲ್, ಗೆದ್ದವನ ಗತ್ತು ತೋರದೆ ಕಾಫಿ ಬಗ್ಗಿಸಿಕೊಂಡ. ಡೀಕನ್ ಪೆಗ್ರಮ್ ಮಾತ್ರ ಬಿಡಲಿಲ್ಲ. "ಇಷ್ಟು ವರ್ಷ ಕಾದು ಹಾಕ್ದೆ. ಬರೀ ಸೋಲೋಕೆ ಅಷ್ಟು ಓಡಿದ್ಯೇನಪ್ಪ?"

ನನ್ನ ಗಂಡ ಕತ್ತರಿ ಕೆಳಗಿಟ್ಟ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಅಷ್ಟು ಅಗಲದ ನಗುವನ್ನು ಆ ಮುಖದ ಮೇಲೆ ನಾನು ಕಂಡಿರಲಿಲ್ಲ.

"ಸೋಲೋಕೂ ಒಂದು ಓಟು ಬೇಕು ಡೀಕನ್ನೋರೇ" ಎಂದ.