ಎರಡಕ್ಕೆ ಮುಗಿದ ವ್ಯಾಪಾರ

ಮನುಷ್ಯನ ಗಾಂಭೀರ್ಯವೆಲ್ಲ ಅವನ ಆತ್ಮಬಲದ ಮೇಲೆ ನಿಂತಿದೆ ಎಂದು ಬಲ್ಲವರು ಹೇಳುತ್ತಾರೆ. ಐವತ್ತು ದಾಟಿದ ಮೇಲೆ ಅದು ಮೂತ್ರಕೋಶದ ಮೇಲೆ ನಿಂತಿರುತ್ತದೆ. ಮೊನ್ನೆ ಸೊಸೆ, ಮೂತ್ರ ಸಲೀಸಾಗಲೆಂದು ನನಗಾಗಿ ಬಾರ್ಲಿ ಕುದಿಸುತ್ತಿದ್ದಳು. ಆ ಸಪ್ಪೆ ವಾಸನೆ ಮೂಗಿಗೆ ಬಂದದ್ದೇ ತಡ, ಆದವಾನಿಯ ನಮ್ಮ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ ಅರಳೆ ವ್ಯಾಪಾರಿ. ನಲವತ್ತರ ದಶಕದ ನಮ್ಮ ಪೇಟೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದು ಅಸಭ್ಯತೆ, ನೋಡಿ. ಕೊಳ್ಳುವವ, ಮಾರುವವ ಇಬ್ಬರೂ ಹೆಗಲ ವಲ್ಲಿಯ ಕೆಳಗೆ ಕೈ ಸೇರಿಸಿ, ಬೆರಳು ಒತ್ತಿಯೇ ಮಾತಾಡುತ್ತಿದ್ದರು. ಮೊದಲಿಗೇ ನಿಜ ಬಿಟ್ಟುಕೊಟ್ಟವನನ್ನು ಸತ್ಯವಂತ ಎನ್ನುತ್ತಿರಲಿಲ್ಲ, ದಡ್ಡ ಎನ್ನುತ್ತಿದ್ದರು.

ಆಗ ಊರಿಗೆ ಬಳ್ಳಾರಿ ಕಡೆಯ ಡಾಕ್ಟರೊಬ್ಬರು ಬಂದರು. ವಯಸ್ಸಾದ ಗಂಡಸರಿಗೆ ಮೂತ್ರದ ದಾರಿಯಲ್ಲಿ ಗ್ರಂಥಿ ಬೆಳೆಯುತ್ತದೆ, ಕೆಲವರಿಗೆ ಅದು ಕ್ಯಾನ್ಸರ್ ಆಗಿರುತ್ತದೆ, ಬೇಗ ಹಿಡಿದರೆ ಆಪರೇಷನ್ ಉಂಟು ಎಂಬುದು ಅವರು ವಿಶೇಷವಾಗಿ ಓದಿಕೊಂಡಿದ್ದ ವಿಷಯ. ನೆಗಡಿಗೆಂದು ಹೋದ ಹಿರಿಯರನ್ನೂ ಅದನ್ನೇ ಕೇಳುತ್ತಿದ್ದರಂತೆ. ದೊಡ್ಡವ್ವನ ಕಾಟ ತಾಳದೆ ದೊಡ್ಡಪ್ಪ, ಅಂಗಡಿಯಲ್ಲಿ ಕೂಡುತ್ತಿದ್ದ ನನ್ನನ್ನು ಕರೆದುಕೊಂಡು ಹೋದರು.

"ರಾತ್ರಿ ಎಷ್ಟು ಸಲ ಏಳ್ತೀರಿ, ಸಾವ್ಕಾರ್ರೆ?"

"ಒಂದ್ ಸಲ."

"ಖರೇ ಹೇಳ್ರಿ."

"ನಿಮ್ಮ ಮಾರಿ ನೋಡಿ ಒಂದೂವರಿ ಅನ್ರಿ."

ಡಾಕ್ಟರು ನಕ್ಕರು. "ಅರ್ಧ ಏಳೂದು ಹೆಂಗ್ರಿ?"

"ಆತು, ಎರಡಕ್ಕ ಮುಗಸ್ರಿ."

ಹಿಂದಿನಿಂದ ಬೆರಳು ಹಾಕಿ ಗ್ರಂಥಿ ಪರೀಕ್ಷಿಸಬೇಕು ಎಂದು ಡಾಕ್ಟರು ಹೇಳಿದಾಗ ದೊಡ್ಡಪ್ಪ ಎದ್ದೇ ನಿಂತರು. "ಅದೊಂದು ಬ್ಯಾಡ್ರಿ. ಮನಿತನಸ್ಥ ಅದೀನಿ."

ಎರಡೇ ಸಲವಾದರೆ ಅವಸರವಿಲ್ಲ ಎಂದು ಡಾಕ್ಟರು ಬಾಟಲಿ ಔಷಧ ಕೊಟ್ಟು ಕಳಿಸಿದರು.

ಟಾಂಗಾದಲ್ಲಿ ದೊಡ್ಡಪ್ಪ ನನ್ನ ತೊಡೆ ತಟ್ಟಿದರು. "ಕೊಯ್ಯಾಕ ನಿಂತಿದ್ನಲೋ ಅಂವ! ಎರಡಕ್ಕ ಮುಗಿಸಿಬಿಟ್ಟೆ." ಆ ವರ್ಷ ಅವರು ಇಷ್ಟು ಹೆಮ್ಮೆಪಟ್ಟ ವ್ಯಾಪಾರ ಮತ್ತೊಂದಿಲ್ಲ.

ದೊಡ್ಡವ್ವ ಕೆಂಡವಾದಳು. "ಅಂವೇನ್ ನಿಮ್ಮ ಅರಳಿ ಕೊಳ್ಳಾಕ ಬಂದಾನೇನು? ರಾತ್ರಿಯೆಲ್ಲ ಕಂದೀಲು ಹಿಡಿಯಾಕಿ ನಾನು. ನಾನ ಹೋಗಿ ಹೇಳ್ತೀನಿ."

"ಹೇಳು, ಹೇಳು. ನನ್ನ ಮಾನ ಪ್ಯಾಟ್ಯಾಗ ಹರಾಜಿಗೆ ಇಡು."

ಮಾನದ ಮಾತು ಬಂದ ಮೇಲೆ ಆ ಮನೆಯಲ್ಲಿ ಯಾರೂ ಮುಂದಕ್ಕೆ ಹೋಗುತ್ತಿರಲಿಲ್ಲ. ಆಕೆಯೂ ಹೋಗಲಿಲ್ಲ.

'ಎರಡು' ಎಂಬ ಆ ಮಾತನ್ನು ಪೇಟೆಯ ಯಾವ ದಲಾಲಿಯೂ ನಂಬುತ್ತಿರಲಿಲ್ಲ. ಪಾಪ, ಡಾಕ್ಟರು ಓದಿದ ಮನುಷ್ಯ, ನಂಬಿದರು. ಅವರು ಇನ್ನಷ್ಟು ಜಗ್ಗಾಡಬೇಕಿತ್ತು ಎಂದು ನಾನು ಈಗಲೂ ಹಳಹಳಿಸುತ್ತೇನೆ. ನನ್ನ ಡಾಕ್ಟರಿಗಂತೂ ಕೇಳುವ ಮೊದಲೇ ಇದ್ದದ್ದು ಇದ್ದಂತೆ ಒಪ್ಪಿಸುತ್ತೇನೆ, ದಡ್ಡನೆಂದರೆ ಎನ್ನಲಿ.

ಮುಂದಿನ ಸುಗ್ಗಿಗೆ ದೊಡ್ಡಪ್ಪನಿಗೆ ಮೂತ್ರ ಕಟ್ಟಿತು. ರೈಲಿನಲ್ಲಿ ಮದ್ರಾಸಿಗೆ ಒಯ್ದೆವು. ಕ್ಯಾನ್ಸರ್ ಎಲುಬಿಗೆ ಹಬ್ಬಿತ್ತು. ಆಪರೇಷನ್ ಮಾಡಲಿಲ್ಲ. ದೊಡ್ಡಪ್ಪ ಅಲ್ಲೇ ತೀರಿಕೊಂಡರು.